ಏಳು ಎಣಿಸುವ ತನಕ

ನನ್ನನ್ನು ನೀವು ನೋಡಿರಬಹುದು. ನಿಮಗೆ ನಲವತ್ತೈದು ದಾಟಿದ್ದರೆ, ಚಿಕ್ಕಂದಿನಲ್ಲಿ ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಟಿವಿ ಇದ್ದಿದ್ದರೆ, ನೋಡಿಯೇ ಇರುತ್ತೀರಿ. ಭಾನುವಾರ ಬೆಳಿಗ್ಗೆ ಧಾರಾವಾಹಿ ಶುರುವಾಗುವ ಮುಂಚೆ ‘ಉದಯರಾಗ’ ಕಾಫಿಯ ಜಾಹೀರಾತು ಬರುತ್ತಿತ್ತು. ಚಿತ್ರನಟಿ ಇಂದುಮುಖಿಯವರು ಕಿಟಕಿಯ ಪಕ್ಕ ಕೂತು, ಕಾಫಿ ಕಪ್ಪನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಒಂದು ಗುಟುಕು ಕುಡಿದು, “ನನ್ನ ಬೆಳಗು ಇದರಿಂದಲೇ” ಎನ್ನುತ್ತಿದ್ದರು. ಊರೆಲ್ಲ ಅವರ ಮುಖ ನೋಡಿತು. ಅವರ ಮುಂದಿದ್ದ ಬಿಳಿ ಪಿಂಗಾಣಿ ಕಪ್ಪು ನಾನು.

ಜಂಬ ಅಂದುಕೊಳ್ಳಬೇಡಿ. ಜಂಬ ಇತ್ತು, ಈಗಿಲ್ಲ. ಆ ಮೂವತ್ತು ಸೆಕೆಂಡಿನಲ್ಲಿ ನೀವು ಕಂಡದ್ದೇನು, ಕಾಣದೆ ಹೋದದ್ದೇನು ಎಂದು ಪೂರ್ತಿಯಾಗಿ ಹೇಳಲು ಉಳಿದಿರುವುದು ನಾನೊಬ್ಬನೇ. ಕೇಳುವವರಿದ್ದಾಗ ಹೇಳಿಬಿಡುತ್ತೇನೆ. ಹೇಳದೆ ಉಳಿದ ಮಾತು ಏನು ಮಾಡುತ್ತದೆ ಎಂದು ನಾನು ಕಣ್ಣಾರೆ ನೋಡಿದವನು.

ನಾನು ಹುಟ್ಟಿದ್ದು ಬೆಂಗಳೂರಿನ ಒಂದು ಪಿಂಗಾಣಿ ಕಾರ್ಖಾನೆಯಲ್ಲಿ. ಬಿಳಿ ಮಣ್ಣಿನ ಗಂಜಿಯನ್ನು ಅಚ್ಚಿಗೆ ಹೊಯ್ದರು, ಒಣಗಿಸಿದರು, ಹಿಡಿ ಅಂಟಿಸಿದರು, ಬೆಂಕಿಗೆ ಕೊಟ್ಟರು. ಬೆಂಕಿಯ ಬಗ್ಗೆ ಹೆಚ್ಚು ಹೇಳಲಾರೆ, ಅದನ್ನು ನೆನೆಸಿಕೊಂಡರೆ ಈಗಲೂ ಮೈ ಬಿಸಿಯಾಗುತ್ತದೆ. ಹೊರಗೆ ಬಂದ ಮೇಲೆ ನಮ್ಮನ್ನೆಲ್ಲ ಒಂದು ಉದ್ದನೆಯ ಹಲಗೆಯ ಮೇಲೆ ಸಾಲಾಗಿ ಇಟ್ಟರು. ಕೆಂಚಮ್ಮ ಅಂತ ಒಬ್ಬ ಹೆಂಗಸು ಸಾಲಿನುದ್ದಕ್ಕೂ ಬಂದು ಒಬ್ಬೊಬ್ಬರನ್ನೂ ಎತ್ತಿ, ಅಂಚಿಗೆ ಉಗುರಿನಿಂದ ತಟ್ಟಿ, ಕಿವಿಗೆ ಹಿಡಿದು ಕೇಳುತ್ತಿದ್ದಳು. ಕೆಲವರನ್ನು ಬುಟ್ಟಿಗೆ ಎಸೆಯುತ್ತಿದ್ದಳು. ಅವರೆಲ್ಲ ನೋಡಲು ನನ್ನಷ್ಟೇ ಚೆನ್ನಾಗಿದ್ದರು.

ಹೊಸದಾಗಿ ಕೆಲಸಕ್ಕೆ ಸೇರಿದ್ದ ಹೆಂಗಸೊಬ್ಬಳು, “ಯಾಕಕ್ಕಾ ಎಸೀತೀರಾ, ಏನೂ ಆಗಿಲ್ವಲ್ಲಾ?” ಎಂದಳು.

“ಬಿರುಕು ಕಣ್ಣಿಗೆ ಕಾಣೋದು ಆಮೇಲೆ ಕಣವ್ವಾ. ಕಿವಿಗೆ ಮೊದ್ಲೇ ಕೇಳ್ತದೆ.”

ನನ್ನನ್ನು ತಟ್ಟಿ, ಕೇಳಿ, “ಇದು ಗಟ್ಟಿ” ಎಂದಳು. ಅವತ್ತಿನಿಂದ ನನಗೂ ಅದೇ ಅಭ್ಯಾಸವಾಯಿತು. ನನ್ನನ್ನು ಹಿಡಿದ ಪ್ರತಿಯೊಂದು ಕೈಯ ಸದ್ದನ್ನು ಕೇಳುತ್ತೇನೆ.

ನಾವು ಆರು ಕಪ್ಪುಗಳು, ಆರು ಸಾಸರುಗಳು ಒಂದು ರಟ್ಟಿನ ಡಬ್ಬಿಯಲ್ಲಿ ಅಂಗಡಿ ಸೇರಿದೆವು. ನನ್ನ ಪಾಲಿಗೆ ಬಂದ ಸಾಸರು ಮಹಾ ಬಾಯಿಬಡುಕ. ಯಾರಾದರೂ ಸ್ವಲ್ಪ ಅಲುಗಾಡಿಸಿದರೆ ಸಾಕು, ಕಿಣಿಕಿಣಿ ಅಂತ ಶುರು. ಮೊದಮೊದಲು ನನಗೆ ಅದನ್ನು ಕಂಡರಾಗುತ್ತಿರಲಿಲ್ಲ. ನಮ್ಮಿಬ್ಬರಿಗೂ ಸೇರಿ ಇರುವ ಮಾತು ಅದೊಂದೇ ಎಂದು ಆಗ ತಿಳಿದಿರಲಿಲ್ಲ.

ಒಂದು ದಿನ ಬೊಂಬಾಯಿಯ ಜಾಹೀರಾತು ಕಂಪನಿಯವರು ಬಂದು ನಮ್ಮನ್ನು ಕೊಂಡರು. ಕನ್ನಡದ ನಟಿ, ಕನ್ನಡದ ಮಾತು, ಆದರೆ ಲೋಟ ಬೇಡ, ಕಪ್ಪು ಸಾಸರೇ ಬೇಕು ಅಂತ ಅವರ ಹಟ. ನಿರ್ದೇಶಕರು ಪೈಗಳು. ಉಡುಪಿಯ ಕಡೆಯವರು, ಬೊಂಬಾಯಿಯಲ್ಲಿ ಬೆಳೆದವರು, ಸಣ್ಣ ದನಿ, ದೊಡ್ಡ ಕನ್ನಡಕ. ಇಸವಿ ಎಂಬತ್ತಾರು.

ಸ್ಟುಡಿಯೋದಲ್ಲಿ ಕಟ್ಟಿದ್ದ ಕಿಟಕಿ ಸುಳ್ಳು, ಅದರಾಚೆಯ ಬೆಳಗಿನ ಬಿಸಿಲು ಸುಳ್ಳು. ನನ್ನೊಳಗೆ ಹೊಯ್ದದ್ದು ಸುಟ್ಟ ಸಕ್ಕರೆಯ ನೀರು. ಮೇಲಿನ ನೊರೆ ಸಾಬೂನಿನದು. ಹಬೆ ಎಂದು ನೀವು ನೋಡಿದ್ದು, ಮೇಜಿನ ಕೆಳಗೆ ಕೂತ ಒಬ್ಬ ಮನುಷ್ಯ ಸಿಗರೇಟು ಎಳೆದು ಸಣ್ಣ ಕೊಳವೆಯಲ್ಲಿ ಊದಿದ ಹೊಗೆ. ಕಾಫಿಯ ಜಾಹೀರಾತಿನಲ್ಲಿ ಕಾಫಿಯೊಂದೇ ಇರಲಿಲ್ಲ. ಆ ಹೊಗೆಯ ವಾಸನೆ ನನಗೆ ವಾರಗಟ್ಟಲೆ ಹೋಗಲಿಲ್ಲ.

ಇಂದುಮುಖಿಯಮ್ಮ ಬಂದರು. ಆಗ ಮೂವತ್ತೈದು ವಯಸ್ಸು, ಪತ್ರಿಕೆಗಳಿಗೆ ಇಪ್ಪತ್ತೆಂಟು. ಜೊತೆಗೆ ಮೇಕಪ್ಪಿನ ಸಿದ್ದಲಿಂಗಣ್ಣ. ಇಂದುಮುಖಿಯಮ್ಮ ಪುಟ್ಟತಾಯಿ ಎಂಬ ಹೆಸರಿನಲ್ಲಿ ನಾಟಕ ಕಂಪನಿಯಲ್ಲಿದ್ದಾಗಿನಿಂದಲೂ ಅವರ ಮುಖಕ್ಕೆ ಬಣ್ಣ ಹಚ್ಚಿದ ಮುದುಕ ಅವನು. ಕನ್ನಡಿ, ಪೌಡರು, ಬಾಚಣಿಗೆ ಹಿಡಿದುಕೊಂಡು ಹಿಂದೆ ಬಂದವಳು ವನಜಾ, ಹದಿನೇಳರ ಹುಡುಗಿ. ಕೊಳ್ಳೇಗಾಲದ ಕಡೆ ದೂರದ ಸಂಬಂಧ, ತಂದೆ ತಾಯಿ ಇಲ್ಲ, ಟಚಪ್ಪಿಗೆ ಇಟ್ಟುಕೊಂಡಿದ್ದೇನೆ ಎಂದು ಇಂದುಮುಖಿಯಮ್ಮ ಎಲ್ಲರಿಗೂ ಹೇಳಿದ್ದರು. ವನಜಾಳಿಗೂ ಹಾಗೆಯೇ ಹೇಳಿದ್ದರು. ಅವಳು ಅವರನ್ನು ಅಕ್ಕ ಎನ್ನುತ್ತಿದ್ದಳು.

ಪೈಗಳು ಹೇಳಿದರು: “ಮೇಡಂ, ಕಪ್ಪು ಕಂಠಮಟ್ಟ ತುಂಬಿರ್ತದೆ. ಸಾಸರ್ ಸಮೇತ ಎತ್ತಿ ಇಷ್ಟು ಮೇಲೆ ಹಿಡೀಬೇಕು. ನಾನು ಏಳು ಎಣಿಸ್ತೇನೆ. ಏಳು ಆಗೋ ತನಕ ಅಲುಗಾಡಬಾರದು, ಹಬೆ ಮೇಲೆ ನಮ್ಮ ಕಾಫಿ ಹೆಸರು ಬರ್ತದಲ್ಲ. ಆಮೇಲೆ ಗುಟುಕು.”

“ಅಯ್ಯೋ, ಅದೇನು ಮಹಾ!” ಎಂದು ನಕ್ಕು ಎತ್ತಿದರು. ಒಂದು, ಎರಡು, ಮೂರು, ನಾಲ್ಕು. ನಾಲ್ಕಕ್ಕೆ ಅವರ ಎಡಗೈಯ ಒಂದು ಬೆರಳು ತನ್ನಷ್ಟಕ್ಕೆ ತಾನೇ ಎಗರಿತು. ಅವರು ಎಗರಿಸಿದ್ದಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಸಾಸರು ಕಿಣಿ ಎಂದಿತು. ಸಕ್ಕರೆ ನೀರು ಚೆಲ್ಲಿತು.

ಮತ್ತೆ ತೆಗೆದರು. ಮತ್ತೆ ಚೆಲ್ಲಿತು. ಹತ್ತೊಂಬತ್ತನೆಯ ಸಲಕ್ಕೆ ಸರಿಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾಲ್ಕು ದಿನದಿಂದ ನಿದ್ದೆಯಿಲ್ಲ, ಅದಕ್ಕೇ ಸುಸ್ತು ಎಂದು ಇಂದುಮುಖಿಯಮ್ಮ ಎಲ್ಲರಿಗೂ ಹೇಳಿದರು. ಪೈಗಳು ನೆನಪಿಗೆಂದು ನಮ್ಮ ಇಡೀ ಸೆಟ್ಟನ್ನು ಅವರಿಗೇ ಕೊಟ್ಟರು. ಕಾರಿನಲ್ಲಿ ಡಬ್ಬಿ ಅವರ ತೊಡೆಯ ಮೇಲಿತ್ತು. ಮುಚ್ಚಳದ ಮೇಲೆ ಆ ಬೆರಳು ದಾರಿಯುದ್ದಕ್ಕೂ ಆಗೊಮ್ಮೆ ಈಗೊಮ್ಮೆ ಕುಣಿಯಿತು. ಪಕ್ಕದಲ್ಲಿ ವನಜಾ ಕಿಟಕಿಯಿಂದಾಚೆ ಸಿನಿಮಾ ಪೋಸ್ಟರುಗಳನ್ನು ನೋಡುತ್ತ ಕೂತಿದ್ದಳು.

ಜಯನಗರದಲ್ಲಿ ಅವರ ಮನೆ. ಎರಡು ವರ್ಷದಲ್ಲಿ ನನ್ನ ಐದು ಜನ ಒಡಹುಟ್ಟಿದವರು ಹೋದರು. ಒಂದನ್ನು ಸಿಂಕಿನ ಹತ್ತಿರ, ಒಂದನ್ನು ಬಾಲ್ಕನಿಯಲ್ಲಿ, ಎರಡನ್ನು ಒಂದೇ ದಿನ ಊಟದ ಮೇಜಿನ ಮೇಲೆ, ಇನ್ನೊಂದನ್ನು ಫೋನಿನಲ್ಲಿ ಮಾತಾಡುತ್ತಾ ಕೈಬಿಟ್ಟರು. ಪ್ರತಿ ಸಲವೂ ಅವರು “ಥೂ, ಕೈ ಜಾರಿತು” ಎನ್ನುತ್ತಿದ್ದರು. ವನಜಾ ಮಾತಿಲ್ಲದೆ ಚೂರು ಆರಿಸುತ್ತಿದ್ದಳು. ಉಳಿದವನು ನಾನು. ಮುಂದಿನ ಸರದಿ ನನ್ನದೇ ಎಂದು ಹೆದರಿ ಸಾಯುತ್ತಿದ್ದೆ.

ಆದರೆ ಅವರು ಹುಷಾರಾದರು. ಮೊದಲು ಮಾಡಿದ್ದು ಇಷ್ಟೇ: ಕಾಫಿ ತಂದ ವನಜಾಳಿಗೆ “ಅರ್ಧ ಸಾಕು” ಎಂದರು. ಅರ್ಧ ಕಪ್ಪು ಚೆಲ್ಲುವುದಿಲ್ಲ. ಆಮೇಲೆ ಸಾಸರಿನ ಮೇಲೆ ಮಡಿಸಿದ ಕರ್ಚೀಫು ಹಾಸಿ ಅದರ ಮೇಲೆ ನನ್ನನ್ನು ಇಡತೊಡಗಿದರು. ಬಾಯಿಬಡುಕ ಸಾಸರಿಗೆ ಬಾಯಿ ಕಟ್ಟಿದ ಹಾಗಾಯಿತು. ಮನೆಗೆ ಬಂದ ಪತ್ರಕರ್ತರು ಅದನ್ನು ನೋಡಿ, “ಎಂಥ ನಾಜೂಕು!” ಎಂದು ಬರೆದರು.

ಎಂಬತ್ತೆಂಟರಲ್ಲಿ ಎರಡನೆಯ ಜಾಹೀರಾತು. ಮೊದಲಿನದು ಅಷ್ಟು ಹೆಸರು ಮಾಡಿತ್ತು, ಕಪ್ಪೂ ಅದೇ ಬೇಕು, ಆ ಏಳು ಎಣಿಕೆಯೂ ಬೇಕು ಎಂದರು ಕಂಪನಿಯವರು. ಅವತ್ತು ಬೆಳಿಗ್ಗೆ ಒಂಬತ್ತಕ್ಕೆ ಶುರುವಾದ ಕೆಲಸ ಮಧ್ಯಾಹ್ನ ಮೂರಾದರೂ ಎರಡನೆಯ ಎಣಿಕೆ ದಾಟಲಿಲ್ಲ. ಇಂದುಮುಖಿಯಮ್ಮನ ಬ್ಲೌಸು ಬೆವರಿಗೆ ಒದ್ದೆಯಾಗಿತ್ತು. ಕಂಪನಿಯಿಂದ ಬಂದ ಸೂಟಿನವರು ಮೂಲೆಯಲ್ಲಿ ನಿಂತು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು. ಕೈ ನಡುಗುವ ನಟಿ ಎಂಬ ಮಾತು ಗಾಂಧಿನಗರಕ್ಕೆ ತಲುಪಿದರೆ ಅವರ ಕಥೆ ಮುಗಿದಂತೆ.

ಆಗ ಪೈಗಳ ಕಣ್ಣು ವನಜಾಳ ಕೈ ಮೇಲೆ ಬಿತ್ತು. ಬಾಚಣಿಗೆ ಹಿಡಿದು ನಿಂತಿದ್ದಳು. “ಮಗೂ, ಇಲ್ಲಿ ಬಾ. ಆ ಕಪ್ಪು ಹಿಡಿ” ಎಂದರು. ಹಿಡಿದಳು. ನನ್ನ ಜನ್ಮದಲ್ಲಿ ಅಂಥ ಕೈ ಕಂಡಿರಲಿಲ್ಲ. ಕಾರ್ಖಾನೆಯ ಆ ಹಲಗೆಯಷ್ಟು ನಿಶ್ಚಲ. ಪೈಗಳು ಕೈಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ ಬೆರಗಾದರು. ಇಂದುಮುಖಿಯಮ್ಮನ ಕಿರುಬೆರಳು ಮೊದಲ ಗೆಣ್ಣಿನಿಂದ ಸ್ವಲ್ಪ ಹೊರಗೆ ಬಾಗಿತ್ತು. ಕಪ್ಪು ಹಿಡಿದರೆ ಚೆಂದವಾಗಿ ಕಾಣುತ್ತಿತ್ತು, ಅವರ ಅಭಿಮಾನಿಗಳಿಗೆಲ್ಲ ಅದು ಗೊತ್ತಿತ್ತು. ವನಜಾಳದ್ದೂ ಹಾಗೆಯೇ ಬಾಗಿತ್ತು.

“ಡ್ಯೂಪ್ ಅಂದ್ರೆ ಹೀಗಿರ್ಬೇಕು! ದೇವರೇ ಮಾಡಿ ಕಳ್ಸಿದ್ದಾನೆ” ಎಂದರು ಪೈಗಳು.

ಸಿದ್ದಲಿಂಗಣ್ಣ ಪೌಡರಿನ ಡಬ್ಬಿಯನ್ನು ಮುಚ್ಚಿ, ತೆಗೆದು, ಮತ್ತೆ ಮುಚ್ಚಿದ.

ಇಂದುಮುಖಿಯಮ್ಮನಿಗೆ ಶಾಲು ಹೊದಿಸಿ ಬೆನ್ನಿಲ್ಲದ ಸ್ಟೂಲಿನ ಮೇಲೆ ಕೂರಿಸಿದರು. ಅವರ ಕೈಗಳನ್ನು ಶಾಲಿನೊಳಗೆ ಬಚ್ಚಿಟ್ಟರು. ಹಿಂದೆ ವನಜಾ ಮಂಡಿಯೂರಿ, ಅವರ ಬೆನ್ನಿಗೆ ಕೆನ್ನೆ ಒತ್ತಿ, ಶಾಲಿನ ಅಡಿಯಿಂದ ಎರಡೂ ಕೈ ಮುಂದೆ ಚಾಚಿ ನನ್ನನ್ನು ಹಿಡಿದಳು. ಅವಳಿಗೆ ಏನೂ ಕಾಣುತ್ತಿರಲಿಲ್ಲ. ಏಳು ಎಣಿಸಿದ ಮೇಲೆ ನನ್ನನ್ನು ಎತ್ತಿ ಅವರ ತುಟಿಗೆ ಸರಿಯಾಗಿ ಮುಟ್ಟಿಸಿದಳು, ಮೊದಲ ಸಲಕ್ಕೇ. ಟಿವಿಯಲ್ಲಿ ನೋಡಿದ ನಿಮಗೆ ಒಬ್ಬಳೇ ಹೆಂಗಸು ಕಂಡಳು. ಮುಖ ಒಬ್ಬರದು, ಕೈ ಇನ್ನೊಬ್ಬಳದು.

ಆಮೇಲೆ ಮೇಕಪ್ಪು ಕೋಣೆಯಲ್ಲಿ ಇಂದುಮುಖಿಯಮ್ಮ ಬಾಗಿಲು ಹಾಕಿ ಕೂತರು. ನಾನು ಕನ್ನಡಿಯ ಮುಂದಿದ್ದೆ. ಸಿದ್ದಲಿಂಗಣ್ಣ ಬಣ್ಣ ಒರೆಸುತ್ತ ಮೆಲ್ಲಗೆ ಹೇಳಿದ, “ಕಿರುಬೆರಳು ನೋಡಿದ್ಯಾ ಪುಟ್ಟತಾಯಿ? ಇನ್ನೆಷ್ಟ್ ದಿನ ಮುಚ್ಚಿಡ್ತೀಯವ್ವಾ? ಹೆತ್ತ ಮಗಳ ಕೈಲಿ ಅಕ್ಕ ಅನ್ನಿಸ್ಕೊಂಡು...”

“ಸುಮ್ನಿರಣ್ಣಾ.”

“ಹೇಳ್ಬಿಡು ಮಗೂಗೆ. ದೊಡ್ಡೋಳಾಗವ್ಳೆ, ಅರ್ಥ ಮಾಡ್ಕತಾಳೆ.”

“ಏನಂತ ಹೇಳ್ಲಿ? ನಾನು ನಿಮ್ಮವ್ವ, ಹದಿನೆಂಟು ವರ್ಷಕ್ಕೆ ನಿನ್ನ ಹೆತ್ತು ದೊಡ್ಡವ್ವನ ಮಡಿಲಿಗೆ ಹಾಕಿ ಬಣ್ಣ ಹಚ್ಚೋಕೆ ಬಂದೆ ಅಂತಲಾ? ಅದನ್ನಾದ್ರೂ ಹೇಳಬಹುದಣ್ಣಾ.” ಅವರು ತಮ್ಮ ಕೈಯನ್ನು ಎತ್ತಿ ಕನ್ನಡಿಗೆ ಹಿಡಿದರು. ಬೆರಳು ಕುಣಿಯುತ್ತಿತ್ತು. “ನಮ್ಮವ್ವನಿಗೂ ಹಿಂಗೇ ಶುರುವಾಗಿದ್ದು. ಊರೋರು ಗಾಳಿ ಸೇರ್ಕೊಂಡಿದೆ ಅಂದ್ರು. ಆಮೇಲೆ ಕೈ ಕಾಲು, ಆಮೇಲೆ ನಾಲಿಗೆ. ಅವ್ವನಿಗೆ ಬಂತು, ನನಗೆ ಬಂತು. ನಾನು ನಿಮ್ಮವ್ವ ಅಂದ್ರೆ, ಇದೂ ನಿಂದೇ ಅಂತ ಹೇಳ್ದಂಗೆ ಅಲ್ವಾ?”

ಯಾರಿಗೂ ಹೇಳುವುದಿಲ್ಲ ಎಂದು ಅವತ್ತು ಸಿದ್ದಲಿಂಗಣ್ಣನಿಂದ ಭಾಷೆ ತೆಗೆದುಕೊಂಡರು. ನನ್ನ ಹತ್ತಿರ ಯಾರೂ ಭಾಷೆ ಕೇಳಲಿಲ್ಲ.

ಎರಡನೆಯ ಜಾಹೀರಾತು ಮೊದಲಿನದಕ್ಕಿಂತ ಹೆಚ್ಚು ಹೆಸರಾಯಿತು. ಇಂದುಮುಖಿಯ ಕೈ ಎಂದು ಹೆಂಗಸರ ಪತ್ರಿಕೆಯೊಂದು ಎರಡು ಪುಟ ಬರೆಯಿತು. ಭಾನುವಾರ ಟಿವಿಯಲ್ಲಿ ಬಂದಾಗ ವನಜಾ ಅಡುಗೆಮನೆಯಿಂದ ಓಡಿಬಂದು, “ಅಕ್ಕಾ, ನನ್ನ ಕೈ! ನನ್ನ ಕೈ!” ಎಂದು ಕುಣಿಯುತ್ತಿದ್ದಳು. ಇಂದುಮುಖಿಯಮ್ಮ ಟಿವಿ ನೋಡುತ್ತಿರಲಿಲ್ಲ. ಅವಳ ಕೈಯನ್ನೇ ನೋಡುತ್ತಿದ್ದರು. ಅವಳು ಲೋಟ ಎತ್ತಲಿ, ಹೂ ಕಟ್ಟಲಿ, ಅವರ ಕಣ್ಣು ಅವಳ ಬೆರಳಿನ ಮೇಲೇ. ಯಾವುದಾದರೂ ಎಗರೀತೇ ಎಂದು ಕಾಯುವವರ ಹಾಗೆ.

ಮಾರನೆಯ ವರ್ಷ ನಡಿಗೆಯೂ ಕೆಟ್ಟಿತು. ದೊಡ್ಡ ಡಾಕ್ಟರೊಬ್ಬರು ಗುಟ್ಟಾಗಿ ಮನೆಗೇ ಬಂದರು. ಅವರಿಗೆ ನನ್ನಲ್ಲೇ ಕಾಫಿ ಕೊಟ್ಟರು. ತಟ್ಟೆ ಹಿಡಿದುಕೊಂಡು ವನಜಾ ಅಲ್ಲೇ ನಿಂತಿದ್ದಳು.

“ನಿಮ್ಮ ತಾಯಿಗೂ ಇತ್ತು ಅಂದ್ರಿ. ಇದು ರಕ್ತದಲ್ಲಿ ಬರೋದಮ್ಮಾ. ಔಷಧಿಯಿಂದ ಸ್ವಲ್ಪ ಹತೋಟಿ ಮಾಡಬಹುದು, ವಾಸಿ ಮಾಡಕ್ಕಾಗಲ್ಲ” ಎಂದರು ಡಾಕ್ಟರು. ಆಮೇಲೆ ನನ್ನನ್ನು ಕೆಳಗಿಟ್ಟು, “ಮಕ್ಕಳಿದಾರಾ?” ಎಂದು ಕೇಳಿದರು.

ಆ ಹೊತ್ತಿನಲ್ಲಿ ನಾನು ಬೇಡಿಕೊಂಡಷ್ಟು ಯಾವತ್ತೂ ಬೇಡಿಕೊಂಡಿಲ್ಲ. ಹೇಳಿ, ತಾಯೀ, ಹೇಳಿ. ಇಪ್ಪತ್ತು ವರ್ಷ ಕ್ಯಾಮೆರಾದ ಮುಂದೆ, ಪತ್ರಕರ್ತರ ಮುಂದೆ, ನಿರ್ಮಾಪಕರ ಮುಂದೆ ಹೇಳಿ ಹೇಳಿ ರೂಢಿಯಾದ ಉತ್ತರವೇ ಅವರ ಬಾಯಿಂದ ಬಂತು.

“ಇಲ್ಲ. ನನಗೆ ಮದುವೆಯೇ ಆಗಿಲ್ಲ.”

“ಒಳ್ಳೇದಾಯ್ತು. ಇದ್ದಿದ್ರೆ ಇಬ್ಬರಲ್ಲಿ ಒಬ್ಬರಿಗಾದ್ರೂ ಬರೋ ಸಾಧ್ಯತೆ ಇರ್ತಿತ್ತು. ಅವರ ಮದುವೆಗೆ ಮುಂಚೆ ಎಲ್ಲಾ ಹೇಳಬೇಕಾಗ್ತಿತ್ತು.”

ವನಜಾ ನನ್ನನ್ನು ಅಡುಗೆಮನೆಗೆ ತಂದು ತೊಳೆದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಬಾಗಿಲ ಬಳಿ ಕೂತಿದ್ದ ಸಿದ್ದಲಿಂಗಣ್ಣನಿಗೆ ಹೇಳಿದಳು, “ಅಕ್ಕನಿಗೆ ಇಂಥಾದ್ದು ಬರಬಾರದಿತ್ತು ಅಣ್ಣಾ. ಸದ್ಯ, ಮಕ್ಕಳಿಲ್ಲ. ಇದ್ದಿದ್ರೆ ಆ ಪಾಪದ ಜೀವದ ಗತಿ ಏನು?” ಮುದುಕ ಎದ್ದು ಹೊರಗೆ ಹೋದ. ಆ ವರ್ಷವೇ ತೀರಿಕೊಂಡ, ಕೊಟ್ಟ ಭಾಷೆಯನ್ನು ತನ್ನ ಜೊತೆಗೇ ತೆಗೆದುಕೊಂಡು ಹೋದ.

ಮೂರನೆಯ ಜಾಹೀರಾತಿನಲ್ಲಿ ಬೇರೆ ನಟಿ ಬಂದಳು, ಬೇರೆ ಕಪ್ಪು, ಚಿನ್ನದ ಅಂಚಿನದು. ಅದೇ ಮಾತು, “ನನ್ನ ಬೆಳಗು ಇದರಿಂದಲೇ”. ಇಂದುಮುಖಿಯಮ್ಮ ಎದ್ದು ಹೋಗಿ ಟಿವಿ ಆರಿಸಲು ಕೈ ಚಾಚಿದರು, ಆದರೆ ಗುಂಡಿ ಕೈಗೆ ಸಿಗಲಿಲ್ಲ. ವನಜಾ ಆರಿಸಿದಳು.

ಇನ್ನು ಮುಚ್ಚಿಡಲು ಕಾರಣವೇನಿತ್ತು ಎಂದು ನೀವು ಕೇಳಬಹುದು. ಸಿನಿಮಾ ಮುಗಿದಿತ್ತು, ಹೆಸರು ಮುಗಿದಿತ್ತು. ಆದರೆ ಒಂದು ಸತ್ಯ ಹೇಳಿದರೆ ಇನ್ನೊಂದನ್ನೂ ಹೇಳಬೇಕಿತ್ತು, ಅದಕ್ಕೆ ಅವರಿಗೆ ಬಾಯಿ ಬರಲಿಲ್ಲ. ಮೂರು ಸಲ ಪ್ರಯತ್ನ ಮಾಡಿದರು, ನಾನೇ ಸಾಕ್ಷಿ. ಮೂರು ಸಲವೂ “ವನಜಾ, ಕೂತ್ಕೋ, ನಿನಗೊಂದು ವಿಷಯ ಹೇಳಬೇಕು” ಎಂದು ಶುರುಮಾಡಿದರು. ಮೊದಲ ಸಲ, ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದರು. ಎರಡನೆಯ ಸಲ, ಟೆಲಿಫೋನ್ ಇಲಾಖೆಯ ರಂಗನಾಥ ಅನ್ನುವ ಹುಡುಗ ನಿನ್ನನ್ನು ಕೇಳುತ್ತಿದ್ದಾನೆ ಎಂದರು. ಮೂರನೆಯದು ಮದುವೆಯ ಹಿಂದಿನ ದಿನ. ವನಜಾ ಕೂತಳು. ಇಂದುಮುಖಿಯಮ್ಮನ ಮಾತು ಆಗಲೇ ತೊದಲುತ್ತಿತ್ತು. ತಮ್ಮ ಕೈಯ ಎರಡು ಚಿನ್ನದ ಬಳೆಗಳನ್ನು ತೆಗೆಯಲು ಹೋಗಿ, ತೆಗೆಯಲಾಗದೆ, ಕೈಯನ್ನೇ ಅವಳ ಮುಂದೆ ಚಾಚಿದರು. ಅವಳೇ ತೆಗೆದುಕೊಂಡು, ಕಾಲಿಗೆ ಬಿದ್ದು, “ಅಮ್ಮ ಇದ್ದಿದ್ರೂ ಇಷ್ಟು ಮಾಡ್ತಿರಲಿಲ್ಲ ಅಕ್ಕಾ” ಎಂದಳು. ನನಗೆ ಅವತ್ತು ಇಂದುಮುಖಿಯಮ್ಮನ ಮೇಲೆ ಬಂದಷ್ಟು ಸಿಟ್ಟು ಮತ್ಯಾರ ಮೇಲೂ ಬಂದಿಲ್ಲ. ಅಷ್ಟೇ ಮರುಕವೂ ಬಂತು.

ಮದುವೆಯಾದ ಮೇಲೂ ವನಜಾ ಅವರನ್ನು ಬಿಡಲಿಲ್ಲ. ಗಂಡನೂ ಒಪ್ಪಿ ಅಲ್ಲಿಗೇ ಬಂದ. ನನ್ನನ್ನು ಈಗ ಇಂದುಮುಖಿಯಮ್ಮನ ಕೈಗೆ ಕೊಡುವಂತಿರಲಿಲ್ಲ. ವನಜಾ ಅವರ ಹಿಂದೆ ಕೂತು, ತಲೆಯನ್ನು ತನ್ನ ಎದೆಗೆ ಒರಗಿಸಿಕೊಂಡು, ನನ್ನನ್ನು ಅವರ ತುಟಿಗೆ ಹಿಡಿಯುತ್ತಿದ್ದಳು. ಜಾಹೀರಾತಿನಲ್ಲಿ ಮಾಡಿದ್ದನ್ನೇ ಮಾಡುತ್ತಿದ್ದಳು. ಈಗ ನನ್ನೊಳಗೆ ನಿಜವಾದ ಕಾಫಿ ಇರುತ್ತಿತ್ತು.

ಒಂದು ಬೆಳಿಗ್ಗೆ ಹಾಗೆ ಕಾಫಿ ಕುಡಿಸುತ್ತ ನಾಚಿಕೊಂಡು ಹೇಳಿದಳು, “ಅಕ್ಕಾ, ನಾನೀಗ ಬಸುರಿ. ಮೂರು ತಿಂಗಳು.”

ಇಂದುಮುಖಿಯಮ್ಮನ ಇಡೀ ಮೈ ಅಲುಗಿತು. ಬಾಯಿಂದ ಸದ್ದು ಬಂತು, ಮಾತು ಬರಲಿಲ್ಲ. ನಾಲಿಗೆ ಹೋಗಿ ಆಗಲೇ ಒಂದು ವರ್ಷವಾಗಿತ್ತು. ಕುಣಿಯುವ ತಮ್ಮ ಕೈಯಿಂದ ವನಜಾಳ ಕೈ ಹಿಡಿಯಲು ಹೋದರು, ತಪ್ಪಿತು, ಮತ್ತೆ ಹೋದರು, ಹಿಡಿದರು. ಅವಳ ಕಿರುಬೆರಳಿನ ಪಕ್ಕಕ್ಕೆ ತಮ್ಮ ಕಿರುಬೆರಳನ್ನು ತಂದು ಇಟ್ಟರು. ಜಾರಿತು. ಮತ್ತೆ ಇಟ್ಟರು. ಬೆರಳನ್ನು ತೋರಿಸಿದರು, ತಮ್ಮ ಹೊಟ್ಟೆಯನ್ನು ತೋರಿಸಿದರು, ಅವಳ ಹೊಟ್ಟೆಯನ್ನು ತೋರಿಸಿದರು, ಮತ್ತೆ ಬೆರಳಿಗೆ ಬೆರಳು. ಕಣ್ಣಲ್ಲಿ ನೀರು, ಬಾಯಲ್ಲಿ ಜೊಲ್ಲು.

ವನಜಾ ನಕ್ಕಳು, ಅತ್ತಳು. “ಹೌದಕ್ಕಾ, ನೆನಪಿದೆ. ನಿಮ್ಮ ಕೈಗೆ ನನ್ನ ಕೈ ಡ್ಯೂಪು. ಒಂದೇ ಥರ ಬೆರಳು. ಹೆಣ್ಣಾದ್ರೆ ಇಂಥದೇ ಬೆರಳು ಬರ್ಲಿ ಅಂತೀರಾ? ಬರುತ್ತೆ ಬಿಡಿ.”

ಇಂದುಮುಖಿಯಮ್ಮ ಕೈ ಬಿಟ್ಟರು. ಸಾಸರು ನನ್ನ ಕೆಳಗೆ ಸುಮ್ಮನೆ ಇತ್ತು, ಯಾಕೆಂದರೆ ನನ್ನನ್ನು ಹಿಡಿದಿದ್ದ ವನಜಾಳ ಕೈ ಇನ್ನೂ ಅಷ್ಟು ನಿಶ್ಚಲವಾಗಿತ್ತು. ಮಗು ಹುಟ್ಟುವ ಎರಡು ವಾರ ಮುಂಚೆ ಇಂದುಮುಖಿಯಮ್ಮ ಹೋದರು. ಪತ್ರಿಕೆಗಳು ಆ ಕಾಫಿ ಜಾಹೀರಾತಿನ ಫೋಟೋವನ್ನೇ ಹಾಕಿದವು. ಅಲ್ಲಿಯೂ ಕೈ ವನಜಾಳದ್ದೇ.

ಜಯನಗರದ ಮನೆ ಬೇರೆಯವರ ಪಾಲಾಯಿತು. ನಾನು ವನಜಾಳ ಜೊತೆ ವಿಜಯನಗರದ ಸಣ್ಣ ಮನೆಗೆ ಬಂದೆ, ಶೋಕೇಸಿನಲ್ಲಿ ಕೂತೆ. ಒಂದು ಕಡೆ ರಂಗನಾಥನ ಕೇರಂ ಕಪ್ಪು, ಒಂದು ಕಡೆ ಪ್ಲಾಸ್ಟಿಕ್ ಹೂವು. ನೆಂಟರು ಬಂದರೆ ವನಜಾ ನನ್ನನ್ನು ತೋರಿಸಿ ಕಥೆ ಹೇಳುತ್ತಿದ್ದಳು. ಮಗಳು ಸಿಂಚನಾ ಬೆಳೆದಳು, ಓದಿದಳು, ಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರಾದಳು. ವರ್ಷಕ್ಕೊಮ್ಮೆ, ಇಂದುಮುಖಿಯಮ್ಮ ಹೋದ ದಿನ, ವನಜಾ ನನ್ನನ್ನು ಕೆಳಗಿಳಿಸಿ ಕಂಠಮಟ್ಟ ಕಾಫಿ ಹೊಯ್ದು, ಎತ್ತಿ ಹಿಡಿದು, ಅಕ್ಕನ ನೆನಪಿಗೆ ಏಳು ಎಣಿಸಿ ಕುಡಿಯುತ್ತಿದ್ದಳು. ನಾನು ಪ್ರತಿ ವರ್ಷ ಕಿವಿಗೊಟ್ಟು ಕೇಳುತ್ತಿದ್ದೆ. ನಲವತ್ತಾಯಿತು, ಗಟ್ಟಿ. ನಲವತ್ತೈದಾಯಿತು, ಗಟ್ಟಿ. ಅವಳು ಐವತ್ತು ದಾಟಿದಾಗ, ತಪ್ಪಿಸಿಕೊಂಡಳು ಎಂದೇ ನಾನು ಅಂದುಕೊಂಡೆ. ಆ ಇಬ್ಬರಲ್ಲಿ ಒಬ್ಬರು ಇವಳಲ್ಲ ಎಂದು ಸಂತೋಷದಿಂದ ಇದ್ದೆ.

ಹೋದ ವರ್ಷ ಎಣಿಕೆ ಆರಕ್ಕೆ ಬಂದಾಗ ಬೆರಳು ಎಗರಿತು.

ಒಂದೇ ಸಲ. ಸಾಸರು ಕಿಣಿ ಎಂದಿತು. ವನಜಾ “ವಯಸ್ಸಾಯ್ತು ನೋಡು” ಎಂದು ನಕ್ಕು ಕುಡಿದು ನನ್ನನ್ನು ತೊಳೆದಿಟ್ಟಳು. ಅಲ್ಲಿಂದಾಚೆ ಕಣ್ಣಿಗೆ ಕಂಡದ್ದೆಲ್ಲ ಹಳೆಯದೇ. ಸಾರಿನ ಸೌಟು ಕೆಳಗೆ ಬಿತ್ತು. ಸೂಜಿಗೆ ದಾರ ಏರಲಿಲ್ಲ. “ಥೂ, ಕೈ ಜಾರಿತು” ಎಂದಳು. ಸಿಂಚನಾ ಲೋಟದ ತುಂಬ ಕಾಫಿ ತಂದರೆ, “ಅರ್ಧ ಸಾಕು ಕಣೇ, ಆಸಿಡಿಟಿ” ಎಂದಳು.

ಸಿಂಚನಾಳ ಮದುವೆ ಗೊತ್ತಾಯಿತು. ಮನೆಗೆ ಸುಣ್ಣ ಬಣ್ಣ, ಸೀರೆ ಅಂಗಡಿ ಓಡಾಟ. ಮದುವೆಗೆ ಒಂದು ತಿಂಗಳಿರುವಾಗ ಇಂದುಮುಖಿಯಮ್ಮನ ದಿನ ಬಂತು. ವನಜಾ ನನ್ನನ್ನು ಇಳಿಸಿದಳು. ಸಾಸರಿನ ಮೇಲೆ ಕರ್ಚೀಫು ಮಡಿಸಿ ಹಾಸಿದಳು. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅರ್ಧ ಕಾಫಿ ಹೊಯ್ದು ಮೇಜಿನ ಮುಂದೆ ಕೂತಳು.

ಸಿಂಚನಾ ಫೋನು ಹಿಡಿದು ಓಡಿಬಂದಳು. “ಅಮ್ಮಾ, ಇಲ್ ನೋಡು! ಯಾರೋ ಆ ಹಳೇ ಕಾಫಿ ಆ್ಯಡ್ ಹಾಕಿದಾರೆ. ನೀನು ಹೇಳ್ತಿದ್ಯಲ್ಲ, ಅದೇ!”

ಅಂಗೈಯಗಲದ ಗಾಜಿನಲ್ಲಿ ಇಂದುಮುಖಿಯಮ್ಮ ನಕ್ಕರು. ಶಾಲು, ಕಿಟಕಿ, ಸಿಗರೇಟಿನ ಹೊಗೆ. ಒಂದು, ಎರಡು, ಮೂರು. ನಾನಿದ್ದೆ ಅಲ್ಲಿ, ಮೂವತ್ತೈದು ವರ್ಷ ಚಿಕ್ಕವನು.

“ಏನಮ್ಮಾ ಇದು, ಇವರು ನೋಡೋಕೆ ನಿನ್ನ ಹಾಗೇ ಇದಾರೆ! ನೀನು ನನ್ನ ಹೆತ್ತಾಗಿನ ಫೋಟೋ ಇದೆಯಲ್ಲ, ಥೇಟ್ ಅದೇ ಮುಖ. ಬೆರಳು ಬೇರೆ ಒಂದೇ ಥರ ಅಂತೀಯ. ದೂರದ ಸಂಬಂಧಕ್ಕೆ ಇಷ್ಟೊಂದು ಹೋಲಿಕೆ ಬರುತ್ತಾ?” ಎಂದು ನಗುತ್ತಾ ಸಿಂಚನಾ ತಾಯಿಯ ಕೈಯನ್ನು ಎಳೆದುಕೊಂಡಳು. ಅವಳ ಕಿರುಬೆರಳಿನ ಪಕ್ಕಕ್ಕೆ ತನ್ನ ಕಿರುಬೆರಳನ್ನು ತಂದು ಇಟ್ಟಳು. “ನಂದೂ ಅದೇ, ನೋಡು.”

ವನಜಾ ಆ ಎರಡು ಬೆರಳುಗಳನ್ನು ನೋಡಿದಳು. ಅವಳ ಬೆರಳು ಕುಣಿಯುತ್ತಿತ್ತು. ಸಿಂಚನಾಳದ್ದು ಪಕ್ಕದಲ್ಲಿ ಸುಮ್ಮನಿತ್ತು.

ಅವಳ ಮುಖ ನನಗೆ ಕೆಳಗಿನಿಂದ ಕಾಣುತ್ತಿತ್ತು. ಇಪ್ಪತ್ತೈದು ವರ್ಷ ಹಿಂದಿನ ಆ ಬೆಳಿಗ್ಗೆ ಅವಳ ಕಣ್ಣ ಮುಂದೆ ಬಂದು ನಿಂತಿತು ಎಂದು ನನಗೆ ಗೊತ್ತಾಯಿತು. ಬೆರಳು, ಹೊಟ್ಟೆ, ಇವಳ ಹೊಟ್ಟೆ, ಮತ್ತೆ ಬೆರಳು. ಇಂದುಮುಖಿಯಮ್ಮ ಹೇಳಹೊರಟದ್ದು ಡ್ಯೂಪಿನ ಮಾತಲ್ಲ. ಆಮೇಲೆ ಅದಕ್ಕೂ ಹಿಂದಿನ ಡಾಕ್ಟರು ನೆನಪಿಗೆ ಬಂದಿರಬೇಕು, “ಮಕ್ಕಳಿದಾರಾ?” ಎಂದು ಕೇಳಿದ್ದು, “ಸದ್ಯ, ಮಕ್ಕಳಿಲ್ಲ” ಎಂದು ತಾನೇ ಹೇಳಿದ್ದು. ವನಜಾ ಬಾಯಿಗೆ ಸೆರಗು ಒತ್ತಿಕೊಂಡಳು.

“ಅಮ್ಮಾ? ಯಾಕಮ್ಮಾ, ಏನಾಯ್ತು?”

“ಆ ಫೋನು ಆರಿಸು. ಕೂತ್ಕೋ ಸಿಂಚು. ನಿನಗೊಂದು ವಿಷಯ ಹೇಳಬೇಕು.”

ಈ ಮಾತನ್ನು ನಾನು ಮೂರು ಸಲ ಕೇಳಿದ್ದೆ. ಇದರ ಬೆನ್ನಿಗೆ ಉಪ್ಪು ಬಂದಿತ್ತು, ವರ ಬಂದಿದ್ದ, ಬಳೆ ಬಂದಿತ್ತು. ವನಜಾಳ ಕೈಯಲ್ಲೂ ಆ ಎರಡು ಬಳೆಗಳಿದ್ದವು. ಈಗ ಅವುಗಳ ಕಡೆ ಕೈ ಹೋಗುತ್ತದೆ ಎಂದುಕೊಂಡೆ.

ಅವಳು ನನ್ನನ್ನು ಎತ್ತಿ, ಸಾಸರಿನ ಮೇಲಿದ್ದ ಕರ್ಚೀಫನ್ನು ತೆಗೆದು ಪಕ್ಕಕ್ಕಿಟ್ಟಳು. ಬರಿ ಸಾಸರಿನ ಮೇಲೆ ನನ್ನನ್ನು ಇಟ್ಟಳು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕಂಠಮಟ್ಟ ತುಂಬಿದಳು. ಎರಡೂ ಕೈಯಿಂದ ಹಿಡಿದು ಎದೆಯ ಮಟ್ಟಕ್ಕೆ ಎತ್ತಿದಳು. ಮೂರು ಎಣಿಸುವುದರೊಳಗೆ ಸಾಸರು ಶುರು ಮಾಡಿತು. ಕಿಣಿಕಿಣಿ, ಕಿಣಿಕಿಣಿ. ಕಾಫಿ ಚೆಲ್ಲಿ ಅವಳ ಸೀರೆಗೆ ಬಿತ್ತು. ಅವಳು ಇಳಿಸಲಿಲ್ಲ.

“ಕೇಳಿಸ್ತಾ?” ಎಂದಳು.

ಸಿಂಚನಾ ತಲೆಯಾಡಿಸಿದಳು.

“ಅವರು ಅಕ್ಕ ಅಲ್ಲ, ಸಿಂಚು. ನನ್ನಮ್ಮ.”

ಅವತ್ತು ನನ್ನೊಳಗಿನ ಕಾಫಿಯನ್ನು ಯಾರೂ ಕುಡಿಯಲಿಲ್ಲ. ಕೆನೆ ಕಟ್ಟಿತು. ತಾಯಿ ಮಗಳು ಊಟದ ಹೊತ್ತಾದರೂ ಮಾತಾಡುತ್ತಲೇ ಇದ್ದರು.

ಇದೆಲ್ಲ ಆಗಿ ನಾಲ್ಕು ತಿಂಗಳಾಯಿತು. ನನಗೂ ವಯಸ್ಸಾಗಿದೆ, ಅಂಚಿನಲ್ಲಿ ಒಂದು ಕೂದಲೆಳೆಯ ಗೀಟು ಬಂದಿದೆ. ಕೆಂಚಮ್ಮ ಇದ್ದಿದ್ದರೆ ಬುಟ್ಟಿಗೆ ಎಸೆಯುತ್ತಿದ್ದಳು. ಮದುವೆ ಮುಂದಕ್ಕೆ ಹೋಗಿದೆ. ಹುಡುಗನಿಗೆ ಸಿಂಚನಾ ತಾನೇ ಹೋಗಿ ಹೇಳಿದಳು. ಅವನು ಯೋಚನೆ ಮಾಡಲು ಸ್ವಲ್ಪ ದಿನ ಕೇಳಿದ್ದಾನೆ. ಈಗ ರಕ್ತ ಪರೀಕ್ಷೆ ಇದೆಯಂತೆ, ಮುಂಚಿತವಾಗಿಯೇ ತಿಳಿಯುತ್ತದಂತೆ. ಮಾಡಿಸಬೇಕೋ ಬೇಡವೋ ಎಂದು ಅವಳು ಇನ್ನೂ ತೀರ್ಮಾನಿಸಿಲ್ಲ. ವನಜಾ ಬಲವಂತ ಮಾಡುವುದಿಲ್ಲ. ಸ್ಟೀಲು ಲೋಟದಲ್ಲಿ ಅರ್ಧ ಕಾಫಿ ಕುಡಿದು ಕಿಟಕಿಯ ಪಕ್ಕ ಕೂತಿರುತ್ತಾಳೆ.

ನನ್ನ ಜಾಗ ಈಗ ಶೋಕೇಸಲ್ಲ, ಅಡುಗೆಮನೆಯ ಕಟ್ಟೆ. ಕಪ್ಪಿನ ಬಾಳು ಬಾಳಲು ಬಂದವನು ನಾನು, ಪರೀಕ್ಷೆ ಮಾಡಲು ಬಂದವನಲ್ಲ. ಆದರೆ ಪ್ರತಿ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಸಿಂಚನಾ ನನ್ನನ್ನು ಬರಿ ಸಾಸರಿನ ಮೇಲಿಟ್ಟು, ಕಂಠಮಟ್ಟ ಕಾಫಿ ತುಂಬಿ, ಎದೆಯ ಮಟ್ಟಕ್ಕೆ ಎತ್ತಿ ಹಿಡಿಯುತ್ತಾಳೆ. ತುಟಿ ಅಲುಗದೆ ಎಣಿಸುತ್ತಾಳೆ. ನಾನೂ ಎಣಿಸುತ್ತೇನೆ. ಕಿಟಕಿಯ ಪಕ್ಕದಿಂದ ವನಜಾಳೂ ಎಣಿಸುತ್ತಾಳೆ ಎಂದು ನನಗೆ ಗೊತ್ತು, ಅವಳು ಈ ಕಡೆ ತಿರುಗಿ ನೋಡುವುದಿಲ್ಲ.

ಇವತ್ತೂ ಎಣಿಸಿದೆವು. ಏಳು ಆಯಿತು. ಸಾಸರು ಬಾಯಿ ಬಿಡಲಿಲ್ಲ. ಸಿಂಚನಾ ಒಂದು ಗುಟುಕು ಕುಡಿದು, ನನ್ನನ್ನು ತೊಳೆದು ಬೋರಲು ಹಾಕಿ, “ಬರ್ತೀನಮ್ಮಾ” ಎಂದು ಹೊರಟಳು. ನಾಳೆ ಬೆಳಿಗ್ಗೆ ಮತ್ತೆ ಎತ್ತುತ್ತಾಳೆ.